ಕೆಂಪು ಕಾಳಿನ ಚಪ್ಪರದಲ್ಲಿ ಕಪ್ಪು ಕಾಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಿನ ಚಪ್ಪರದಡಿ ಕೂತು ಬೀನ್ಸಕ್ಕ ಒಣಗಿದ ಕಾಯಿ ಬಿಡಿಸುತ್ತಿದ್ದಾರೆ. ಚಟ್ಟೆಂದು ಸಿಪ್ಪೆ ಸೀಳಿ ಕೆಂಪು ಕಾಳು ಮೊರಕ್ಕೆ ಉದುರುತ್ತದೆ. ಮುಂದಿನ ಕಾಯಿ ಸೀಳಿದರೆ ಅಷ್ಟೂ ಕಪ್ಪು. ಕೈ ಅಲ್ಲೇ ನಿಲ್ಲುತ್ತದೆ.

“ಇದೇ ನೋಡಿ ನನ್ನ ತಲೆ ಕೆಡಿಸಿರೋದು. ಬಿತ್ತಿದ್ದು ಕೆಂಪು. ಇದೆಲ್ಲಿಂದ ಬಂತು?”

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಇವರದು. ಬೀದಿಯವರಿಗೆ ಮಾತ್ರ ಬೀನ್ಸಕ್ಕ. ಅಂಗಡಿಯಲ್ಲಿ ಎಲ್ಲೂ ಸಿಗದ ಈ ಕೆಂಪು ಕಾಳನ್ನು ಅತ್ತೆ ಕೊನೆಗಾಲದಲ್ಲಿ ಸೊಸೆಯ ಕೈಗಿಟ್ಟು, “ಇದನ್ನ ಕಳೀಬೇಡ” ಎಂದಿದ್ದರು. ಅಂದಿನಿಂದ ಪ್ರತಿ ವರ್ಷ ಬಿತ್ತುತ್ತಾರೆ, ಒಣಗಿಸುತ್ತಾರೆ, ಕೇಳಿದವರಿಗೆ ಒಂದು ಹಿಡಿ ಕೊಡುತ್ತಾರೆ. ಹಾಗೆ ಕೊಟ್ಟಿದ್ದೇ ಅವರನ್ನು ಉಳಿಸಿತು. ಎರಡು ವರ್ಷದ ಹಿಂದೆ ಬೀಜದ ಡಬ್ಬಿಗೆ ಹುಳು ಬಿದ್ದು ಎಲ್ಲ ಪುಡಿಯಾದಾಗ, ಹಿಂದೆ ತಮ್ಮಿಂದ ಒಂದು ಹಿಡಿ ಒಯ್ದಿದ್ದ ಬೀದಿ ಕೊನೆಯ ಟೈಲರ್ ಮನೆಗೆ ಹೋಗಿ ಬೀಜ ಕೇಳಿದರು.

“ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚಿಕೆ ಆಯ್ತು. ಆದ್ರೆ ಅತ್ತೆ ಮುಖ ಕಣ್ಮುಂದೆ ಬಂತು.”

ಈ ಸಲ ಕೆಂಪು ಬಳ್ಳಿಗಳ ನಡುವೆ ಕಪ್ಪು ಕಾಳಿನ ಬಳ್ಳಿ ಎದ್ದಿದೆ. ಟೈಲರ್ ತನ್ನ ಹಿತ್ತಲಲ್ಲಿ ಕಪ್ಪು ಕಾಳು ಬೆಳೆದೇ ಇಲ್ಲ ಎಂದು ಆಣೆ ಮಾಡುತ್ತಾನೆ. ಗಂಡನನ್ನು ಕೇಳಿದರೆ “ಕಾಳು ಅಂದ್ರೆ ಕಾಳು, ಬಿಡೇ” ಎನ್ನುತ್ತಾರೆ. ಕೊನೆಗೆ ನಾದಿನಿಗೆ ಫೋನ್ ಮಾಡಿದರೆ ಗೊಂದಲ ಇಮ್ಮಡಿಯಾಯಿತು.

“ಅತ್ತಿಗೆ, ನಾನು ಚಿಕ್ಕವಳಿದ್ದಾಗ ಕಪ್ಪೂ ಬರ್ತಿತ್ತು. ಅಮ್ಮ ಆರಿಸಿ ಆರಿಸಿ ತೆಗೀತಿದ್ಲು. ಯಾಕೋ ಗೊತ್ತಿಲ್ಲ.”

ಅತ್ತೆ ಬೇಡವೆಂದಿದ್ದನ್ನು ಇಟ್ಟುಕೊಳ್ಳುವುದೇ? ಅಥವಾ ಇದು ಬೇರೆ ಯಾವುದೋ ಹಿತ್ತಲಿನ ಬೆರಕೆಯೇ? ರುಚಿ ಚೆನ್ನಾಗಿಲ್ಲದಿದ್ದರೆ ಎಸೆಯಬಹುದು ಎಂದುಕೊಂಡು ಒಂದಿಷ್ಟು ಬೇಯಿಸಿ ಬಡಿಸಿದರು. ಗಂಡ ಎರಡನೇ ಸಲ ತಟ್ಟೆ ಮುಂದೆ ಮಾಡಿದರು.

“ಅಲ್ಲೇ ನಾನು ಸಿಕ್ಕಿಹಾಕ್ಕೊಂಡಿದ್ದು,” ಎಂದು ಬೀನ್ಸಕ್ಕ ನಗುತ್ತಾರೆ.

ಕೆಲಸಕ್ಕೆ ಹೊತ್ತಾಯಿತು. ಏಳುವ ಮುಂಚೆ ಕಪ್ಪು ಕಾಳನ್ನೆಲ್ಲ ಸೆರಗಿಗೆ ತುಂಬಿಕೊಳ್ಳುತ್ತಾರೆ. ಅದಕ್ಕೆಂದೇ ನೀರಿನ ತೊಟ್ಟಿಯಾಚೆ, ಕೆಂಪಿನಿಂದ ದೂರ, ಒಂದು ಪಾತಿ ಅಗೆದಿದ್ದಾರೆ.

“ನಾನು ಮಾಡ್ತಿರೋದು ಸರಿನೋ ತಪ್ಪೋ, ಇವತ್ತಿಗೂ ಗೊತ್ತಿಲ್ಲ. ಆದ್ರೆ ನಮ್ಮ ಹಿತ್ತಲಲ್ಲೇ ಕಣ್ಣು ಬಿಟ್ಟಿದೆ. ಬೇರೆ ಕಡೆ ಹೋಗು ಅಂತ ಹೇಗೆ ಹೇಳಲಿ?”