ಹಳದಿ ಚೀಲದ ದಾಕ್ಷಾಯಣಮ್ಮ

ಬೆಳಗ್ಗೆ ಐದೂಮುಕ್ಕಾಲು. ಚಾಮರಾಜಪೇಟೆಯ ಹಳೇ ಧರ್ಮಾಸ್ಪತ್ರೆಯೊಂದರ ನೆಲಮಾಳಿಗೆಯ ರಕ್ತನಿಧಿಯಲ್ಲಿ ದಾಕ್ಷಾಯಣಮ್ಮ ದಪ್ಪ ಕೈಗವಸು ತೊಟ್ಟು ಫ್ರೀಜರ್ ಬಾಗಿಲು ತೆಗೆಯುತ್ತಾರೆ. ಒಳಗೆ ಮೈನಸ್ ಮೂವತ್ತು ಡಿಗ್ರಿ. ರಕ್ತದಿಂದ ಬೇರ್ಪಡಿಸಿದ, ಕಲ್ಲಿನಂತೆ ಗಟ್ಟಿಯಾದ ಹಳದಿ ಪ್ಲಾಸ್ಮಾದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಇನ್ನೊಂದು ಕವರಿನೊಳಗಿಟ್ಟು, ಮೂವತ್ತೇಳು ಡಿಗ್ರಿಯ ಬಿಸಿನೀರಿನ ತೊಟ್ಟಿಗೆ ಇಳಿಸುತ್ತಾರೆ. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವನೊಬ್ಬ ಮೇಲಿನ ಆಪರೇಷನ್ ಥಿಯೇಟರಿನಲ್ಲಿದ್ದಾನೆ. ಚೀಲ ಕರಗಲು ಇಪ್ಪತ್ತೈದು ನಿಮಿಷ ಬೇಕು.

ಅಷ್ಟರಲ್ಲಿ ಕೌಂಟರಿನ ಕಡೆಯಿಂದ ಮಾತು ಕೇಳುತ್ತದೆ. ಸಹೋದ್ಯೋಗಿ ಲೋಹಿತ್ ಕೆಂಪು ರಕ್ತದ ಚೀಲ ಕೊಡುತ್ತಿದ್ದಾನೆ. ಗಾಯಾಳುವಿನ ಅಣ್ಣ ಅವನಿಗೆ ಕೈಮುಗಿದು, "ದೇವ್ರು ಬಂದಂಗೆ ಬಂದ್ರಿ ಸಾರ್" ಅನ್ನುತ್ತಿದ್ದಾನೆ.

"ಕೇಳಿಸ್ತಾ?" ಎಂದು ದಾಕ್ಷಾಯಣಮ್ಮ ಪತ್ರಿಕೆಯಿಂದ ಬಂದ ನನ್ನತ್ತ ಹುಬ್ಬು ಹಾರಿಸುತ್ತಾರೆ. "ಅವ್ನು ಬಂದು ಎಂಟು ವರ್ಷ. ನಾನು ಬಂದು ಇಪ್ಪತ್ತೆರಡು. ನನ್ನನ್ನ ಯಾರೂ ದೇವ್ರು ಅಂದಿಲ್ಲ. ಹಳದಿ ಚೀಲ ನೋಡಿ, ಇದೇನು ಎಣ್ಣೇನಾ ಅಂತ ಕೇಳಿದಾರೆ."

ಹೊಟ್ಟೆಕಿಚ್ಚನ್ನು ಅವರು ಮುಚ್ಚಿಡುವವರಲ್ಲ. ಎನ್.ಆರ್. ಕಾಲೋನಿಯ ಒಂದು ಕೋಣೆಯ ಮನೆಯಲ್ಲಿ ನಾಲ್ಕೂವರೆಗೆ ಎದ್ದು, ಮೊದಲ ಬಸ್ಸಿಗೆ ಓಡಿ, ದಿನಕ್ಕೆ ಹತ್ತು ಹನ್ನೆರಡು ಚೀಲ ಕರಗಿಸುತ್ತಾರೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಇದೇ ತೊಟ್ಟಿಯ ಪಕ್ಕ ನಿಂತು. ಕೌಂಟರಿನ ಗೋಡೆಯ ಮೇಲಿರುವುದು ಮಾತ್ರ ಶಾಲು ಹೊದ್ದ ಲೋಹಿತನ ಫೋಟೋ. ಧೂಳು ಒರೆಸುವಾಗ ಅದೊಂದನ್ನು ಅವರು ಬಿಟ್ಟುಬಿಡುತ್ತಾರೆ. "ಹುಡುಗ ಒಳ್ಳೇವ್ನು, ಅದೇ ಕಷ್ಟ. ಕೆಟ್ಟವ್ನಾಗಿದ್ರೆ ಬೈಕೊಂಡಾದ್ರೂ ಇರ್ತಿದ್ದೆ."

ಆ ಹಳದಿ ದ್ರವದ ಕೆಲಸವೇನೆಂದು ಹೆರಿಗೆ ವಿಭಾಗದ ಡಾಕ್ಟರ್ ಪ್ರತಿಭಾ ವಿವರಿಸುತ್ತಾರೆ. ವಿಪರೀತ ರಕ್ತ ಹೋದಾಗ ರಕ್ತನಾಳಗಳ ಒಳಮೈಗೆ ಅಂಟಿಕೊಂಡಿರುವ ತೆಳು ಪದರ ಕಿತ್ತು ಬರುತ್ತದೆ. ನಾಳಗಳು ಜಿನುಗತೊಡಗುತ್ತವೆ, ಮೈ ಊದುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಬರೀ ಸಲೈನ್ ಏರಿಸಿದರೆ ಅದೂ ಸೋರಿಹೋಗುತ್ತದೆ. ಪ್ಲಾಸ್ಮಾ ರಕ್ತ ಹೆಪ್ಪುಗಟ್ಟಲು ನೆರವಾಗುವುದಲ್ಲದೆ ಆ ಪದರ ಮತ್ತೆ ಕೂಡಿಕೊಳ್ಳಲೂ ಸಹಾಯ ಮಾಡುತ್ತದೆ.

ದಾಕ್ಷಾಯಣಮ್ಮನಿಗೆ ಇದು ಅರ್ಥವಾಗಿದ್ದು ತಂದೆಯ ಕಸುಬಿನಿಂದ. ಮಲ್ಲಿಕಾರ್ಜುನಯ್ಯ ಕಾಟನ್‌ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. "ಕಲಾಯಿ ಹೋದ ಪಾತ್ರೇಲಿ ಹುಳಿ ಮಾಡಿದ್ರೆ ಏನಾಗುತ್ತೆ? ಕಿಲುಬು. ಪ್ಲಾಸ್ಮಾ ಒಳಗಿನ ಕಲಾಯಿ ಕಣ್ರೀ. ಊಟ ಮಾಡಿದೋರು ಅಡುಗೆಯವ್ರನ್ನ ಹೊಗಳ್ತಾರೆ. ಅಪ್ಪನ್ನ ಯಾರು ಹೊಗಳಿದ್ರು?"

ಕಳೆದ ವರ್ಷ ರಕ್ತದಾನಿಗಳ ದಿನದ ಮಧ್ಯಾಹ್ನ ಮೇಲಿನ ಸಭಾಂಗಣದಲ್ಲಿ ಲೋಹಿತನಿಗೆ ಸನ್ಮಾನ. ಕೆಳಗೆ ದಾಕ್ಷಾಯಣಮ್ಮ ಒಬ್ಬರೇ. ಆಗಲೇ ಹೆರಿಗೆ ವಾರ್ಡಿನಿಂದ ಫೋನ್ ಬಂತು. ಬಿಂದು ಎಂಬ ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಕೆಂಪು ರಕ್ತ ಬೇಕು, ಜೊತೆಗೆ ಎರಡು ಪ್ಲಾಸ್ಮಾ. ಸುದ್ದಿ ತಿಳಿದ ಲೋಹಿತ್ ವೇದಿಕೆಯಿಂದಲೇ ಓಡಿಬಂದು, ಹೆಗಲ ಶಾಲೂ ತೆಗೆಯದೆ ಕೆಂಪು ಚೀಲಗಳೊಂದಿಗೆ ಮೆಟ್ಟಿಲು ಹತ್ತಿ ಸಭಾಂಗಣದ ಮುಂದೆಯೇ ವಾರ್ಡಿಗೆ ಓಡಿದ. ಇಡೀ ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು.

"ಆ ಚಪ್ಪಾಳೆ ಕಿವಿಗೆ ಬಿತ್ತು ನೋಡಿ, ಮೈಯೆಲ್ಲ ಉರಿದೋಯ್ತು. ಕೈಲಿದ್ದ ಚೀಲನ ಸ್ಟೀಲ್ ಟ್ರೇ ಮೇಲೆ ಕುಕ್ಕಿದೆ."

ಹೆಪ್ಪುಗಟ್ಟಿದ ಚೀಲ ಗಾಜಿನಷ್ಟೇ ನಾಜೂಕು. ಬಿರುಕು ಬಿಟ್ಟರೂ ಒಳಗಿನದು ಕರಗುವವರೆಗೆ ಕಾಣಿಸುವುದಿಲ್ಲ. ತೊಟ್ಟಿಯಿಂದ ತೆಗೆದಾಗ ಒಂದು ಚೀಲ ಸರಿಯಿತ್ತು, ಇನ್ನೊಂದರ ಹೊರಕವರಿನಲ್ಲಿ ಹಳದಿ ನೀರು ನಿಂತಿತ್ತು. ಅದನ್ನು ಎಸೆದು ಹೊಸದನ್ನು ಇಳಿಸಿದರು. ಮತ್ತೆ ಇಪ್ಪತ್ತೈದು ನಿಮಿಷ. ಪ್ರತಿಭಾ ಮೂರು ಸಲ ಫೋನ್ ಮಾಡಿ, "ಎರಡನೇದು ಎಲ್ಲಮ್ಮಾ?" ಎಂದು ಕೇಳಿದರು. ಬಿಂದು ಎರಡು ದಿನ ಐಸಿಯುನಲ್ಲಿದ್ದು ಉಳಿದುಕೊಂಡಳು. ರಿಜಿಸ್ಟರಿನಲ್ಲಿ ದಾಕ್ಷಾಯಣಮ್ಮ ಬರೆದದ್ದು ಎರಡೇ ಪದ: ಕೈ ಜಾರಿತು.

ಒಂದು ವರ್ಷ ಆ ಸುಳ್ಳಿನ ಜೊತೆ ಬಾಳಿದ್ದಾರೆ. ನಿವೃತ್ತಿಗೆ ಮೂರು ತಿಂಗಳಿದೆ. ಆ ಹೆಂಗಸನ್ನು ಉಳಿಸಿದ್ದರಲ್ಲಿ ನನ್ನ ಪಾಲೂ ಇದೆ ಎಂದು ಹೇಳಿಕೊಳ್ಳುವ ಆಸೆ ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿದೆ. ಹೇಳಿದರೆ ಒಡೆದ ಚೀಲವನ್ನೂ ಹೇಳಬೇಕಲ್ಲ.

ಹೋದ ವಾರ ಬಿಂದು ಕಂಕುಳಲ್ಲಿ ಮಗು, ಕೈಯಲ್ಲಿ ಚಿರೋಟಿ ಡಬ್ಬಿ ಹಿಡಿದು ಬಂದಳು. ಮಗುವಿಗೆ ವರ್ಷ ತುಂಬಿತ್ತು. "ಲೋಹಿತ್ ಸಾರ್ ಇದಾರಾ?" ಎಂದಳು. ಲೋಹಿತ್ ಬಂದಿರಲಿಲ್ಲ.

"ಅಲ್ಲೂ ಅವ್ನೇ! ತಡೆಯಕ್ಕಾಗ್ಲಿಲ್ಲ. ಹಳದಿ ಚೀಲ ಕಳ್ಸಿದ್ದು ನಾನಮ್ಮಾ ಅಂದ್ಬಿಟ್ಟೆ. ಅಂದ್ಮೇಲೆ ಉಳಿದಿದ್ದೂ ಹೇಳ್ಲೇಬೇಕಾಯ್ತು. ಜಾರಿದ್ದಲ್ಲ, ನಾನೇ ಕುಕ್ಕಿದ್ದು, ನಿಂಗೆ ತಡ ಮಾಡಿದ್ದು ನಾನೇ ಅಂತ." ಅದೇ ಸಂಜೆ ಪ್ರತಿಭಾಗೂ ಹೇಳಿ, ರಿಜಿಸ್ಟರ್ ತಿದ್ದಿಸಿದ್ದಾರೆ. ಮೇಲಿನವರು ನೋಟಿಸ್ ಕೊಟ್ಟಿದ್ದಾರೆ. "ಬರ್ಕೊಳ್ಳಿ, ಪೇಪರಲ್ಲೂ ಬರ್ಲಿ" ಅನ್ನುತ್ತಾರೆ.

ಬಿಂದು ಕಣ್ಣು ತುಂಬಿಕೊಂಡು, "ಯಾಕ್ ಹಂಗ್ ಮಾಡಿದ್ರಿ ಆಂಟಿ?" ಎಂದು ಕೇಳಿದಳಂತೆ. ಹೊರಡುವ ಮುಂಚೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿರೋಟಿಯನ್ನು ಇವರ ಅಂಗೈಯಲ್ಲಿಟ್ಟಳು. ಉಳಿದಿದ್ದನ್ನು ಲೋಹಿತನಿಗೆ ಕೊಡಿ ಎಂದು ಹೇಳಿ ಹೋದಳು.

ಡಬ್ಬಿ ಕೊಟ್ಟಿರಾ ಎಂದರೆ ದಾಕ್ಷಾಯಣಮ್ಮ ತೊಟ್ಟಿಯಿಂದ ಚೀಲ ಎತ್ತಿ, ಬೆಳಕಿಗೆ ಹಿಡಿದು, ನಾಲ್ಕೂ ಮೂಲೆ ತಡವಿ ನೋಡುತ್ತಾರೆ. ಬಿರುಕಿಲ್ಲ.

"ಕೊಟ್ಟೆ. ಡಬ್ಬಿಯಿಂದ ಇನ್ನೊಂದು ತೆಗ್ದು ತಿಂದ್ಬಿಟ್ಟು ಕೊಟ್ಟೆ. ಅವ್ಳು ನನ್ ಕೈಗಿಟ್ಟಿದ್ದು ಮಾತ್ರ ತಿಂದಿಲ್ಲ, ಮನೇಲಿ ದೇವ್ರ ಮುಂದೆ ಇಟ್ಟಿದೀನಿ."