ಒಂದನೇ ತಟ್ಟೆ

ಕುಂಬಾರಕೊಪ್ಪಲಿನ ಸರ್ಕಾರಿ ಶಾಲೆಯ ಶಿವನಂಜಮ್ಮ ಟೀಚರ್‌ಗೆ ಬೆಳಿಗ್ಗೆ ಬೀಗ ತೆಗೆಯುವಾಗಲೇ ಸಾಕಾಗಿಹೋಗಿತ್ತು. ಮಾರ್ಚ್ ತಿಂಗಳ ಬಿಸಿಲು, ಮೇಲೆ ಗಂಟಲು ಬೇರೆ ಕಟ್ಟಿಕೊಂಡಿತ್ತು. ರಜೆ ಹಾಕೋಣವೆಂದರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಇದ್ದ ಇನ್ನೊಬ್ಬ ಟೀಚರ್ ಗಣತಿ ಕೆಲಸಕ್ಕೆ ಹೋಗಿದ್ದರು. ಹಾಳಾಗಿ ಹೋಗಲಿ ಅಂತ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದುಕೊಂಡು ಬಂದಿದ್ದರು.

ಮೆಟ್ಟಿಲ ಹತ್ತಿರ ಶಿವಪ್ರಕಾಶ್ ಕಾಯುತ್ತಿದ್ದ. ಆಟೋ ಓಡಿಸುವವನು, ಎರಡನೇ ತರಗತಿಯ ಸಿಂಚನಳ ಅಪ್ಪ.

"ಬೇಜಾರ್ ಮಾಡ್ಕೋಬೇಡಿ ಮಿಸ್. ಎರಡ್ ವರ್ಷ ಆಯ್ತು, ಮಗಿಗೆ ಒಂದ್ ಸಾಲ್ ಓದಕ್ ಬರಲ್ಲ. ದಟ್ಟಗಳ್ಳಿ ಸ್ಕೂಲ್‌ಗೆ ಹಾಕ್ಬುಡ್ತೀನಿ, ಟೀಸಿ ಕೊಡಿ. ಅಲ್ಲಿಯವ್ರು ಎರಡ್ನೇ ಕ್ಲಾಸೇ ಇನ್ನೊಂದ್ಸಲ ಓದ್ಲಿ ಅಂತವ್ರೆ. ಓದಕ್ ಬಂದಿದ್ರೆ ನಾನ್ಯಾಕ್ ಬತ್ತಿದ್ದೆ ಹೇಳಿ."

"ಸಾಯಂಕಾಲ ಬನ್ನಿ, ಮಾತಾಡೋಣ" ಎಂದರು ಟೀಚರ್. ಸಾಯಂಕಾಲಕ್ಕೆ ಏನಾಗಬೇಕಿತ್ತೋ ಅವರಿಗೂ ಗೊತ್ತಿರಲಿಲ್ಲ. ಆದರೆ ಸಿಂಚನಳನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಎಲ್ಲರಿಗಿಂತ ಮೊದಲು ಬಂದು, ಬೋರ್ಡು ಒರೆಸಿ, ಅವರ ಮೊಣಕಾಲಿಗೆ ಒರಗಿ ಕೂರುವ ಮಗು. ಅದೂ ಹೋದರೆ ಈ ಕೋಣೆಗೆ ತಾನು ಬರುವುದಾದರೂ ಯಾಕೆ ಅನ್ನಿಸುವಷ್ಟು ಹಚ್ಚಿಕೊಂಡುಬಿಟ್ಟಿದ್ದರು.

ಅದು ನಲಿಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಟ್ಟಿಗೆ. ಕಲಿತದ್ದಕ್ಕೆ ತಕ್ಕಂತೆ ಮಕ್ಕಳನ್ನು ಗುಂಪು ಮಾಡಿ ಕೂರಿಸುತ್ತಾರೆ, ಆ ಗುಂಪಿಗೆ ತಟ್ಟೆ ಎನ್ನುತ್ತಾರೆ. ಏನೂ ಬಾರದವರು ಒಂದನೇ ತಟ್ಟೆ, ಟೀಚರ್ ಮಗ್ಗುಲಲ್ಲಿ. ಓದಲು ಬಂದವರು ಐದನೇ ತಟ್ಟೆ, ಕಿಟಕಿಯ ಹತ್ತಿರ. ಅವರು ಪಾಠದ ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯಬೇಕು. ಸಿಂಚನ ಎರಡು ವರ್ಷದಿಂದ ಒಂದನೇ ತಟ್ಟೆ ಬಿಟ್ಟು ಕದಲಿರಲಿಲ್ಲ.

ಹಾಜರಿ ಮುಗಿಯುವಷ್ಟರಲ್ಲಿ ನಿಶಾಂತ್‌ಗೂ ವಿಶ್ರುತ್‌ಗೂ ಜಗಳ ಹತ್ತಿತು.

"ನನ್ ಕಾರ್ಡ್ ಕಿತ್ಕಂಡ ಮಿಸ್!"

"ಅವ್ನೇ ಕಚ್ದ ಮಿಸ್, ನೋಡಿ ಹಲ್ಲು!"

ಬಿಡಿಸಲು ಕೂಗಿದರು ನೋಡಿ, ಇದ್ದಬದ್ದ ದನಿಯೂ ಹೋಯಿತು. ಟೀಚರ್ ಬಾಯಿ ತೆರೆದರೆ ಬರೀ ಗಾಳಿ. ಮಕ್ಕಳಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಕೋಣೆ ಸಂತೆಯಾಯಿತು. ಚಿಕ್ಕವರು "ಕತೆ ಓದಿ ಮಿಸ್" ಅಂತ ಸೆರಗು ಜಗ್ಗಿದರು. ಶಿವನಂಜಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಏನಾದರೂ ಮಾಡಿಕೊಳ್ಳಲಿ, ತನ್ನ ಕೈಲಾಗದು.

ಸ್ವಲ್ಪ ಹೊತ್ತಿಗೆ ಗಲಾಟೆ ತಗ್ಗಿತು. ಯಾರೋ ಕತೆ ಓದುತ್ತಿದ್ದರು, ಎಲ್ಲೂ ತಡವರಿಸದೆ. ಕಣ್ಣು ಬಿಟ್ಟು ನೋಡಿದರೆ ಸಿಂಚನ! ಐದನೇ ತಟ್ಟೆಯ ಕತೆ ಕಾರ್ಡು ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಚಿಕ್ಕವರಿಗೆ ಓದಿ ಹೇಳುತ್ತಿದ್ದಳು.

ಕೈಸನ್ನೆ ಮಾಡಿ ಹತ್ತಿರ ಕರೆದು ಪಿಸುಗುಟ್ಟಿದರು: "ಯಾವಾಗ ಕಲಿತ್ಯೇ?"

"ದಸರಾ ಆದ್ಮೇಲೆ."

"ಕಳ್ಳಿ! ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ಕಿಟಕಿ ಹತ್ರ ಕಳಿಸ್ಬುಡ್ತೀರ. ಅಲ್ ಕೂತೋರ್ನ ನೀವು ನೋಡೋದೇ ಇಲ್ಲ ಮಿಸ್."

ಟೀಚರ್ ಕಿಟಕಿಯ ಕಡೆ ತಿರುಗಿದರು. ಅಲ್ಲಿ ಮಾನಸ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದಳು. ಆ ಹುಡುಗಿಯ ಹತ್ತಿರ ತಾನು ಕಡೆಯ ಸಲ ಮಾತಾಡಿದ್ದು ಯಾವಾಗ? ನೆನಪಾಗಲಿಲ್ಲ. ಒಂದು ಮಗು ಕಲಿತು ಅತ್ತ ಹೋದರೆ ಅಬ್ಬ, ಒಂದು ಹೊರೆ ಇಳಿಯಿತು ಅಂದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಾಯಿತು.

"ಅಪ್ಪ ಬಂದಾಗ ಹಿಂಗೇ ಓದ್ಬೇಕು" ಎಂದರು ಕಷ್ಟಪಟ್ಟು. "ಓದಿದ್ರೆ ಈ ಸ್ಕೂಲ್ ಬಿಡಿಸಲ್ಲ. ನನ್ ಪಕ್ಕದಲ್ಲೇ ಕೂರಿಸ್ಕೋತೀನಿ, ಆಣೆ."

ಸಾಯಂಕಾಲ ಶಿವಪ್ರಕಾಶ್ ಬಂದ. ಸಿಂಚನ ಟೀಚರ್ ಮುಖ ನೋಡಿದಳು, ಅವರು ತಲೆಯಾಡಿಸಿದರು. ಅವಳು ಕತೆಯನ್ನು ಮೊದಲಿನಿಂದ ಕೊನೆಯವರೆಗೂ ಓದಿದಳು. ಅಪ್ಪನ ಕಣ್ಣಲ್ಲಿ ನೀರು ಬಂತು.

"ಅಯ್ಯೋ ನನ್ ಕಂದ! ನಿಮ್ ಋಣ ತೀರ್ಸಕ್ಕಾಗಲ್ಲ ಮಿಸ್" ಅಂತ ಕೈ ಮುಗಿದ. "ಇನ್ನ್ ಎರಡ್ನೇ ಕ್ಲಾಸ್ ಯಾಕೆ, ಸೀದಾ ಮೂರಕ್ಕೇ ಸೇರಿಸ್ಕತಾರೆ ಅಲ್ಲಿ. ಇಷ್ಟ್ ಚೆನ್ನಾಗ್ ಓದೋಳ್ನ ಇಲ್ ಇಟ್ಕಂಡ್ ಏನ್ ಮಾಡನ? ನಾಳೆ ಟೀಸಿ ಬರ್ದಿಟ್ಟಿರಿ ಮಿಸ್, ಬತ್ತೀನಿ."

ಅವನು ಆಟೋ ತಿರುಗಿಸಲು ಓಡಿದ. ಸಿಂಚನ ಅಳಲಿಲ್ಲ. ಕಾರ್ಡನ್ನು ಟೀಚರ್ ಕೈಗೆ ಕೊಟ್ಟು ಚೀಲ ಹೆಗಲಿಗೇರಿಸಿದಳು.

"ಓದು ಅಂದಿದ್ದು ನೀವೇ ಅಲ್ವಾ ಮಿಸ್?" ಎಂದಳು.