ನವರಾತ್ರಿಯಲ್ಲಿ ಉಳಿದ ಮಾತ್ರೆಗಳು

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ, ರಕ್ತ ಹೆಪ್ಪುಗಟ್ಟದ ಹಾಗೆ ನನಗೆ ದಿನಕ್ಕೊಂದು ಮಾತ್ರೆ. ಚೀಟಿಯಲ್ಲಿ ‘ಊಟದ ನಂತರ’ ಎಂದಿತ್ತು. ಆ ನವರಾತ್ರಿಯ ಒಂಬತ್ತು ದಿನವನ್ನೂ ಹಾಲು, ಹಣ್ಣಿನಲ್ಲೇ ಕಳೆದೆ. ಊಟವೇ ಇಲ್ಲದ ಮೇಲೆ ಊಟದ ನಂತರ ಎಂಬುದೆಲ್ಲಿ? ಮಾತ್ರೆ ಉಳಿಯಿತು. ಶಾಲೆ ತಪ್ಪಿಸಿದ ದಿನಗಳ ಹೋಂವರ್ಕನ್ನೆಲ್ಲ ಬಂದ ದಿನವೇ ಒಪ್ಪಿಸಬೇಕೆಂದು ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ವಿಜಯದಶಮಿಯ ಮಧ್ಯಾಹ್ನ ಹೋಳಿಗೆ ಉಂಡು, ಆ ಒಂಬತ್ತರ ಜೊತೆಗೆ ಅಂದಿನದನ್ನೂ ನುಂಗಿದೆ. ಮನಸ್ಸಿಗೆ ಎಂಥದೋ ನಿರಾಳ.

ನಾಲ್ಕರ ಹೊತ್ತಿಗೆ ಮೂಗಿನಿಂದ ರಕ್ತ. ಅಜ್ಜಂಪುರದ ಮನೆಯಲ್ಲಿ ನನ್ನ ಜೊತೆಗಿರುವ ನಾದಿನಿ ಖಾಲಿ ಸ್ಟ್ರಿಪ್ ಕೈಗೆತ್ತಿಕೊಂಡಳು.

“ಅತ್ತಿಗೆ, ಅಷ್ಟು ಓದಿದೀರಿ, ನೀವು ಕನಸು ಕಾಣೋದೂ ಇಂಗ್ಲಿಷ್‌ನಲ್ಲೇ. ಡಾಕ್ಟ್ರನ್ನ ಒಂದ್ ಮಾತು ಕೇಳಕ್ಕಾಗ್ಲಿಲ್ವಾ?”

ಪಕ್ಕದ ಮನೆಯವರ ಕಾರಿನಲ್ಲಿ ತರೀಕೆರೆಯ ಆಸ್ಪತ್ರೆಗೆ ಹೊರಟೆವು. ಕಾರಿಗೆ ಕಟ್ಟಿದ್ದ ಆಯುಧಪೂಜೆಯ ಬಾಳೆಕಂದು ಇನ್ನೂ ಬಿಚ್ಚಿರಲಿಲ್ಲ. ಮೂಗು ಒತ್ತಿಹಿಡಿದು ಮುಂದಕ್ಕೆ ಬಾಗಿ ಕೂತಿದ್ದೆ. ಎದುರು ಬರುವ ಲಾರಿ, ಟ್ರ್ಯಾಕ್ಟರುಗಳಿಗೂ ಚೆಂಡುಹೂವಿನ ಹಾರ. ಇಡೀ ರಸ್ತೆಯೇ ಯಾರದೋ ಮದುವೆಗೆ ಹೊರಟ ಹಾಗೆ, ನಾನು ಮಾತ್ರ ನಿಧಾನವಾಗಿ ಹಿಂದಕ್ಕೆ ತೇಲುತ್ತಿರುವ ಹಾಗೆ. ಹೆದರಿಕೆ ಕೂಡ ದೂರದಲ್ಲೆಲ್ಲೋ ಇತ್ತು.

ಎಮರ್ಜೆನ್ಸಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸ್ಟ್ರಿಪ್ ತೆಗೆದುಕೊಂಡರು. “ಎಷ್ಟು ತಗೊಂಡ್ರಿ ಅಜ್ಜಿ? ಎಷ್ಟೊತ್ತಿಗೆ?”

“ಹತ್ತು, ಡಾಕ್ಟರ್. ಆಫ್ಟರ್ ಲಂಚ್.”

“ಅದೊಂದನ್ನ ಸರಿಯಾಗಿ ಪಾಲಿಸಿದಾರೆ ಕಣಮ್ಮ,” ಅಂದಳು ನಾದಿನಿ.

ಡಾಕ್ಟರಮ್ಮ ನಗಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟರು, ಎರಡೂ ಕೈ ಎತ್ತಿಸಿದರು, ತಲೆನೋವಿದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಪರೀಕ್ಷೆಗೆ ರಕ್ತ ತೆಗೆದ ಜಾಗವನ್ನು ನರ್ಸ್ ಹತ್ತಿಯಿಂದ ಬಹಳ ಹೊತ್ತು ಒತ್ತಿಹಿಡಿದಳು.

“ಈ ಮಾತ್ರೆ ಪರಿಣಾಮ ಇಳಿಸೋ ಔಷಧಿ ಇಲ್ಲ, ಕಾದು ನೋಡ್ಬೇಕು. ರಕ್ತ ನಿಲ್ಲದಿದ್ರೆ ಶಿವಮೊಗ್ಗಕ್ಕೆ ಕಳಿಸಿ ಪ್ಲೇಟ್‌ಲೆಟ್ ಕೊಡಿಸ್ಬೇಕಾಗುತ್ತೆ.” ಆಮೇಲೆ ಇಸಿಜಿ ಹಾಳೆ ನೋಡುತ್ತಾ ಮೆಲ್ಲಗೆ ಹೇಳಿದರು: “ಒಂಬತ್ತು ದಿನ ಬಿಟ್ಟಿದ್ರಲ್ಲ, ನನಗೆ ಅದೇ ಹೆಚ್ಚು ಭಯ. ಆಗ್ಲೇ ಸ್ಟೆಂಟ್ ಮುಚ್ಚಿಹೋಗಿದ್ದಿದ್ರೆ?”

ಹಸಿವೂ ಹಿತವೆನಿಸಿ, ದೀಪದ ಮುಂದೆ ಹಗುರಾಗಿ ಕೂತಿದ್ದ ಆ ದಿನಗಳು ಎಷ್ಟು ಚೆಂದವಿದ್ದವು. ಆಗೆಲ್ಲ ನಾನು ಬಾವಿಯ ಕಟ್ಟೆಯ ಮೇಲೆ ನಡೆಯುತ್ತಿದ್ದೆನೇ?

ಕತ್ತಲಾಗುವ ಹೊತ್ತಿಗೆ ನರ್ಸ್ ಮೂಗಿನ ಹತ್ತಿ ತೆಗೆದು ನೋಡಿದಳು. ಹೊಸ ರಕ್ತವಿರಲಿಲ್ಲ. ನಾಳೆಯವರೆಗೆ ಇಲ್ಲೇ ಇರಬೇಕು, ತಾವು ಹೇಳಿದ ದಿನದಿಂದ ಮಾತ್ರೆ ಮತ್ತೆ ಶುರು, ಉಪವಾಸವಿದ್ದರೂ ಬಿಡಬಾರದು ಎಂದರು ಡಾಕ್ಟರಮ್ಮ.

ನಾದಿನಿ ನನ್ನ ಹೊದಿಕೆ ಸರಿಮಾಡಿದಳು. “ಇನ್ಮೇಲೆ ಉಪವಾಸ ನಾನ್ ಮಾಡ್ತೀನಿ ಅತ್ತಿಗೆ. ನೀವು ಉಣ್ಣಿ.”

ಆಗಲಿ ಅಂದೆ. ಇನ್ನೊಮ್ಮೆ ಹೇಳಿಸಿದಳು.